ಅಲೆಗಳನ್ನು ಬಿಡಿಸಿದ ಫೂರಿಯೇ

1768ರಲ್ಲಿ ಫ್ರಾನ್ಸಿನ ಓಸೇರ್ ಪಟ್ಟಣದ ದರ್ಜಿಯೊಬ್ಬನ ಮಗನಾಗಿ ಜನಿಸಿದ ಜೋಸೆಫ್ ಫೂರಿಯೇ ಹತ್ತು ವರ್ಷ ತುಂಬುವ ಮೊದಲೇ ತಂದೆತಾಯಿಗಳನ್ನು ಕಳೆದುಕೊಂಡನು. ಕ್ರೈಸ್ತ ಸನ್ಯಾಸಿಗಳು ನಡೆಸುತ್ತಿದ್ದ ಶಾಲೆಯಲ್ಲಿ ಕಲಿತು ಗಣಿತದಲ್ಲಿ ಪಾರಂಗತನಾದನು. ಎಂತಹ ಜಟಿಲವಾದ ಏರಿಳಿತವನ್ನೂ ಸರಳವಾದ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂದು ಶಾಖಪ್ರಸರಣವನ್ನು ಕುರಿತ 1807ರ ಪ್ರಬಂಧದಲ್ಲಿ ಪ್ರತಿಪಾದಿಸಿದನು. ಹಿರಿಯ ಗಣಿತಜ್ಞ ಲಗ್ರಾಂಜ್ ಅದನ್ನು ಒಪ್ಪಲಿಲ್ಲ. ಫೂರಿಯೇ ಎದೆಗುಂದದೆ ದುಡಿದು 1822ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು, 1830ರಲ್ಲಿ ಕಾಲವಾದನು.

ಆರೋಗ್ಯವಂತನ ಹೃದಯವೂ ಗಡಿಯಾರದಂತೆ ಒಂದೇ ಸಮನೆ ಬಡಿಯುವುದಿಲ್ಲ. ಮಿಡಿತಗಳ ನಡುವಣ ಅಂತರ ಕೊಂಚ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಆ ಏರಿಳಿತವನ್ನು ಫೂರಿಯೇ ತೋರಿದ ವಿಧಾನದಿಂದ ಬಿಡಿಸಿದಾಗ ಉಸಿರಾಟದ ಲಯವೂ ರಕ್ತದೊತ್ತಡದ ಸುಮಾರು 10 ಸೆಕೆಂಡುಗಳ ನಿಧಾನಲಯವೂ ಬೇರೆಬೇರೆಯಾಗಿ ಕಾಣುತ್ತವೆ. ಒಮ್ಮೆ ಒಪ್ಪಿಗೆ ದೊರೆಯದ ಆ ಗಣಿತವು ಇಂದು ಹೃದಯವನ್ನು ಅರಿಯಲು ನೆರವಾಗುತ್ತಿದೆ.