ಕೊಳಕುಮಂಡಲ ಹಾವಿಗೆ ಈ ವೈದ್ಯನ ಹೆಸರು ಬಂದಿದ್ದು ಹೇಗೆ? ಪ್ಯಾಟ್ರಿಕ್ ರಸೆಲ್ ಜೀವನ ಕಥೆ

ಕನ್ನಡಿಗರು ಕೊಳಕುಮಂಡಲ ಎಂದು ಕರೆಯುವ ವಿಷಸರ್ಪಕ್ಕೆ ಇಂಗ್ಲಿಷ್‌ನಲ್ಲಿ ರಸೆಲ್ಸ್ ವೈಪರ್ ಎಂಬ ಹೆಸರಿದೆ. ಈ ಹೆಸರಿನ ಹಿಂದಿರುವವರು ಸ್ಕಾಟ್ಲೆಂಡ್‌ನ ವೈದ್ಯ ಪ್ಯಾಟ್ರಿಕ್ ರಸೆಲ್. ಹಾವಿಗೆ ಅವರ ಹೆಸರು ಗಟ್ಟಿಯಾಗಿ ಉಳಿಯಿತು. ಆದರೆ ಆ ಹಾವು ಯಾವ ಗುಂಪಿಗೆ ಸೇರಿದ್ದು ಎಂಬ ವಿಜ್ಞಾನಿಗಳ ತಕರಾರು ಮಾತ್ರ ಬೇಗ ಮುಗಿಯಲಿಲ್ಲ.

ಎಡಿನ್‌ಬರೊದಲ್ಲಿ ಹುಟ್ಟಿದ ರಸೆಲ್, 1750ರಲ್ಲಿ ಸಿರಿಯಾದ ಅಲೆಪ್ಪೊ ನಗರಕ್ಕೆ ತೆರಳಿದರು. ಅಲ್ಲಿ ಪ್ಲೇಗ್ ಹಾವಳಿಯ ನಡುವೆಯೂ ವೈದ್ಯರಾಗಿ ಕೆಲಸ ಮಾಡಿದರು. 1780ರ ದಶಕದ ಆರಂಭದಲ್ಲಿ ಸಹೋದರ ಕ್ಲಾಡ್ ಜತೆ ವಿಶಾಖಪಟ್ಟಣಕ್ಕೆ ಬಂದರು. 1785ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವರನ್ನು ಮದ್ರಾಸ್ ಕಡೆಯ ನಿಸರ್ಗ ತಜ್ಞರನ್ನಾಗಿ ನೇಮಿಸಿತು.

ವಿಷದ ಹಾವು ಯಾವುದು, ವಿಷವಿಲ್ಲದ್ದು ಯಾವುದು? ವೈದ್ಯ ರಸೆಲ್ ಅವರನ್ನು ಕಾಡಿದ್ದು ಇದೇ ಪ್ರಶ್ನೆ. ಆಗ ಚಾಲ್ತಿಯಲ್ಲಿದ್ದ ಲಿನೇಯಸ್ ಪದ್ಧತಿಯಲ್ಲಿ ಹೊಟ್ಟೆ ಮತ್ತು ಬಾಲದಡಿಯ ಹುರುಪೆ ಎಣಿಸಿ ಹಾವುಗಳನ್ನು ವಿಂಗಡಿಸುತ್ತಿದ್ದರು. ಹೀಗಾಗಿ ನಾಗರಹಾವು ಕೂಡ ವಿಷವಿಲ್ಲದ ಹಾವುಗಳ ಜತೆ ಕೊಲುಬರ್ ಎಂಬ ಒಂದೇ ಕುಲದಲ್ಲಿತ್ತು. ರಸೆಲ್ ಹುರುಪೆ ಎಣಿಸುವುದನ್ನು ಬಿಡಲಿಲ್ಲ. ಅದರ ಜತೆಗೆ ವಿಷದ ಹಲ್ಲುಗಳನ್ನು ಪರೀಕ್ಷಿಸಿದರು, ಕೋಳಿ ಮತ್ತು ನಾಯಿಗಳ ಮೇಲೆ ವಿಷದ ಪರಿಣಾಮ ನೋಡಿದರು. ಸ್ಥಳೀಯರು ಹೇಳಿದ ತೆಲುಗು ಹೆಸರುಗಳನ್ನೂ ದಾಖಲಿಸಿದರು. ಕಟ್ಟುಹಾವುಗಳ ಕುಲಕ್ಕೆ ಇಂದಿಗೂ ಇರುವ ಬಂಗಾರಸ್ ಎಂಬ ಹೆಸರು ಬಂದಿದ್ದು ಹೀಗೆ, ತೆಲುಗಿನ ಬಂಗಾರದಿಂದಲೇ.

1789ರಲ್ಲಿ ಅವರು ಭಾರತ ಬಿಟ್ಟರು. ಕೋರಮಂಡಲ ತೀರದ ಹಾವುಗಳ ಕುರಿತ ಅವರ ಸಚಿತ್ರ ಪುಸ್ತಕ 1796ರಲ್ಲಿ ಹೊರಬಂತು. ಮರುವರ್ಷವೇ ಜಾರ್ಜ್ ಶಾ ಕೊಳಕುಮಂಡಲಕ್ಕೆ ರಸೆಲ್ ಹೆಸರಿಟ್ಟರು. ವಿಚಿತ್ರವೆಂದರೆ, ಅದನ್ನೂ ಕೊಲುಬರ್ ಕುಲಕ್ಕೇ ಸೇರಿಸಿದರು! 1805ರಲ್ಲಿ ರಸೆಲ್ ನಿಧನರಾದರು.

1842ರಲ್ಲಿ ಜಾನ್ ಎಡ್ವರ್ಡ್ ಗ್ರೇ ಈ ಹಾವಿಗೆ ಡಬೋಯಾ ಎಂಬ ಪ್ರತ್ಯೇಕ ಕುಲ ಸೃಷ್ಟಿಸಿದರು. 1896ರಲ್ಲಿ ಬೌಲೆಂಜರ್ ಇದನ್ನು ಯುರೋಪಿನ ಮಂಡಲದ ಹಾವುಗಳಿರುವ ವೈಪೆರಾ ಕುಲದಲ್ಲಿಟ್ಟರು. 1980ರ ದಶಕದಲ್ಲಿ ಡಬೋಯಾ ಮತ್ತೆ ಬಳಕೆಗೆ ಬಂತು. 2007ರಲ್ಲಿ ಡಿಎನ್‌ಎ ಆಧಾರಿತ ಅಧ್ಯಯನವೊಂದು ಆಗ್ನೇಯ ಏಷ್ಯಾದ ಹಾವನ್ನು ಬೇರೆಯೇ ಪ್ರಭೇದ ಎಂದು ವಿಂಗಡಿಸಿತು.

ಇದು ಬರೀ ಹೆಸರಿನ ಜಗಳವಲ್ಲ. ಹಾವು ಕಡಿತಕ್ಕೆ ನೀಡುವ ಪ್ರತಿವಿಷವನ್ನು ಹಾವಿನ ವಿಷದಿಂದಲೇ ತಯಾರಿಸುತ್ತಾರೆ. ಒಂದು ಕಡೆಯ ಹಾವಿನ ವಿಷದಿಂದ ಮಾಡಿದ ಔಷಧ ಇನ್ನೊಂದು ಕಡೆ ಅಷ್ಟೇ ಚೆನ್ನಾಗಿ ಕೆಲಸ ಮಾಡದಿರಬಹುದು. ಭಾರತದ ಪ್ರತಿವಿಷಕ್ಕೆ ವಿಷ ಒದಗಿಸುವ 4 ಹಾವುಗಳಲ್ಲಿ ಕೊಳಕುಮಂಡಲವೂ ಒಂದು. ಹಾವನ್ನು ಸರಿಯಾಗಿ ಗುರುತಿಸಿದರೆ ಜೀವ ಉಳಿಸಬಹುದು ಎಂಬ ರಸೆಲ್ ಅವರ ಕಾಳಜಿ ಇಂದಿಗೂ ಹಳತಾಗಿಲ್ಲ.