ಒಂದೇ ಬೆಟ್ಟದಲ್ಲಿ ಭೂಮಿಯನ್ನು ಓದಿದವರು

ಪ್ರಶ್ಯದ ಗಣಿ ಇಲಾಖೆಯಲ್ಲಿ ಒಳ್ಳೆಯ ಹುದ್ದೆ, ಮುಂದೆ ಬಡ್ತಿಯ ಭರವಸೆ. ಅಷ್ಟಿದ್ದೂ 27ನೇ ವಯಸ್ಸಿನಲ್ಲಿ ಕೆಲಸ ಬಿಟ್ಟವರು ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. ಸರ್ಕಾರಿ ಕೆಲಸಕ್ಕಾಗಿ ವರ್ಷಗಟ್ಟಲೆ ಓದುವ ನಮ್ಮಂಥವರಿಗೆ ಇದು ಹುಚ್ಚಾಟ ಎನಿಸಬಹುದು. ತಾಯಿಯಿಂದ ಬಂದ ಆಸ್ತಿ ಅವರ ಬೆನ್ನಿಗಿತ್ತು ಎಂಬುದೂ ನಿಜ. ಆದರೆ ಆ ಹಣವನ್ನು ಅವರು ಖರ್ಚು ಮಾಡಿದ ರೀತಿಯೇ ನನಗೆ ಮೆಚ್ಚುಗೆಯಾದದ್ದು.

1769ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಹಂಬೋಲ್ಟ್, ಕೆಲಸದಲ್ಲಿದ್ದಾಗಲೇ ಗಣಿ ಕಾರ್ಮಿಕರಿಗಾಗಿ ಸ್ವಂತ ಹಣದಲ್ಲಿ ಶಾಲೆ ತೆರೆದಿದ್ದರು. 1799ರಲ್ಲಿ ಸಸ್ಯವಿಜ್ಞಾನಿ ಏಮೆ ಬೊನ್‌ಪ್ಲಾಂಡ್ ಜೊತೆ ದಕ್ಷಿಣ ಅಮೆರಿಕಕ್ಕೆ ಹೊರಟರು. ಐದು ವರ್ಷಗಳ ಆ ಪ್ರವಾಸದ ವೆಚ್ಚವೂ ಅವರದೇ.

1802ರ ಜೂನ್ 23ರಂದು, ಈಗಿನ ಈಕ್ವೆಡಾರ್‌ನಲ್ಲಿರುವ ಚಿಂಬೊರಾಜೊ ಪರ್ವತವನ್ನು ಹತ್ತಿದರು. ಅದೇ ಜಗತ್ತಿನ ಅತಿ ಎತ್ತರದ ಪರ್ವತವೆಂದು ಆಗ ನಂಬಲಾಗಿತ್ತು. ಉಸಿರು ಸಾಲದೆ ಒಸಡಿನಲ್ಲಿ ರಕ್ತ ಬಂತು. ಅವರ ಲೆಕ್ಕದಲ್ಲಿ ಸುಮಾರು 5,900 ಮೀಟರ್ ತಲುಪಿದಾಗ ದೊಡ್ಡ ಕಂದಕ ಅಡ್ಡ ಬಂತು. ಶಿಖರ ಕೈಗೆಟುಕಲಿಲ್ಲ.

ಆದರೂ ಅವರು ಬರಿಗೈಲಿ ಇಳಿಯಲಿಲ್ಲ. ಆಂಡಿಸ್ ಪರ್ವತಗಳನ್ನು ಹತ್ತುವಾಗಲೆಲ್ಲ ಬಾರೋಮೀಟರ್, ಥರ್ಮಾಮೀಟರ್ ಹಿಡಿದು, ಯಾವ ಎತ್ತರದಲ್ಲಿ ಯಾವ ಗಿಡ ಎಂದು ಬರೆದುಕೊಂಡಿದ್ದರು. ಬುಡದಲ್ಲಿ ತಾಳೆ, ಬಾಳೆ ಜಾತಿಯ ಗಿಡಗಳು. ಮೇಲೆ ಸಿಂಕೋನಾ, ಓಕ್. ಇನ್ನೂ ಮೇಲೆ ಕುರುಚಲು ಪೊದೆ, ಹುಲ್ಲು. ಕೊನೆಗೆ ಬಂಡೆಗೆ ಅಂಟಿದ ಕಲ್ಲುಹೂವು, ಆಮೇಲೆ ಬರೀ ಹಿಮ. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಚಳಿ ತಾಳುವ ಗಿಡಗಳಷ್ಟೇ ಉಳಿಯುತ್ತವೆ. ಸಮಭಾಜಕದಿಂದ ಧ್ರುವದತ್ತ ಹೋದರೂ ಹೀಗೆಯೇ ಸಸ್ಯಪ್ರಭೇದಗಳು ಕಡಿಮೆಯಾಗುತ್ತವೆ. ಸಾವಿರಾರು ಕಿಲೋಮೀಟರ್ ಪಯಣದಲ್ಲಿ ಕಾಣುವ ಬದಲಾವಣೆಯನ್ನು ಒಂದೇ ಬೆಟ್ಟದ ಮೈಮೇಲೆ ಕಾಣಬಹುದೆಂದು ಅವರು ತೋರಿಸಿದರು. 1807ರಲ್ಲಿ ಪ್ರಕಟವಾದ ಅವರ ಚಿತ್ರದಲ್ಲಿ ಚಿಂಬೊರಾಜೊದ ಒಡಲ ತುಂಬ ಗಿಡಗಳ ಹೆಸರುಗಳಿವೆ.

ಹಿಮಾಲಯದಲ್ಲೂ ಇದನ್ನು ಪರೀಕ್ಷಿಸುವ ಆಸೆ ಅವರಿಗಿತ್ತು. ಈಸ್ಟ್ ಇಂಡಿಯಾ ಕಂಪನಿ ಅನುಮತಿ ಕೊಡಲೇ ಇಲ್ಲ. ಪ್ರವಾಸ, ಪುಸ್ತಕಗಳಿಗೆ ಆಸ್ತಿ ಕರಗಿ, ಕೊನೆಗೆ ಪ್ರಶ್ಯದ ಅರಸರ ಆಸ್ಥಾನದ ಸಂಬಳವನ್ನೇ ನೆಚ್ಚಬೇಕಾಯಿತು. ಬರವಣಿಗೆ ಮಾತ್ರ 1859ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ನಡೆಯಿತು.

2012ರಲ್ಲಿ ವಿಜ್ಞಾನಿಗಳು ಚಿಂಬೊರಾಜೊ ಏರಿ ಹಂಬೋಲ್ಟ್ ದಾಖಲೆಯೊಂದಿಗೆ ಹೋಲಿಸಿದರು. ಗಿಡಗಳು ಮೇಲಕ್ಕೆ ಸರಿದಿದ್ದವು. ಎಷ್ಟು ಸರಿದಿವೆ ಎಂಬ ಚರ್ಚೆ ಆಮೇಲೂ ನಡೆದಿದೆ. ಅಂದು ಬರೆದಿಟ್ಟದ್ದರಿಂದಲೇ ಇಂದು ಈ ಚರ್ಚೆ ಸಾಧ್ಯವಾಗಿದೆ.

ನಮ್ಮ ಪಶ್ಚಿಮ ಘಟ್ಟಗಳ ಬೆಟ್ಟಗಳಿಗೆ ನಾವು ಚಾರಣ ಹೋಗುತ್ತೇವೆ, ಸೆಲ್ಫಿ ತೆಗೆಯುತ್ತೇವೆ. ಎತ್ತರ ಹೇಳುವ ಮೊಬೈಲ್ ಜೇಬಿನಲ್ಲೇ ಇದೆ. ಯಾವ ಗಿಡ, ಎಷ್ಟು ಎತ್ತರ, ಯಾವ ದಿನ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಆಸ್ತಿ ಬೇಕಿಲ್ಲ, ಕೆಲಸವನ್ನೂ ಬಿಡಬೇಕಿಲ್ಲ.