ಗುಡಾರ ಹೊಲಿಯುವವರ ಮನೆಯೇ ದೇವಾಲಯ: ಸಂತ ಅಕ್ವಿಲ ಮತ್ತು ಸಂತ ಪ್ರಿಸಿಲ್ಲ ದಂಪತಿಯ ಜೀವನಚರಿತ್ರೆ

ನೂರು ವರ್ಷ ತುಂಬಿದ ದೇವಾಲಯದ ಉತ್ಸವದಲ್ಲಿ ಅಡಿಗಲ್ಲನ್ನಿಟ್ಟ ಧರ್ಮಾಧ್ಯಕ್ಷರನ್ನೂ, ಗೋಡೆಗಳನ್ನೆತ್ತಿಸಿದ ಗುರುಗಳನ್ನೂ, ಕೈಯೆತ್ತಿ ಕೊಟ್ಟ ದಾನಿಗಳನ್ನೂ ಕೃತಜ್ಞತೆಯಿಂದ ಸ್ಮರಿಸುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಧರ್ಮಸಭೆಗೆ ಅಡಿಗಲ್ಲಾಗಲಿ, ಗೋಪುರವಾಗಲಿ, ಗಂಟೆಯಾಗಲಿ ಇಲ್ಲದಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ವಿಶ್ವಾಸಿಗಳು ಎಲ್ಲಿ ಕೂಡುತ್ತಿದ್ದರು, ರೊಟ್ಟಿಯನ್ನು ಎಲ್ಲಿ ಮುರಿಯುತ್ತಿದ್ದರು ಎಂದು ಕೇಳಿಕೊಂಡರೆ, ಪವಿತ್ರಗ್ರಂಥವು ನಮ್ಮನ್ನು ಕಸಬುದಾರ ದಂಪತಿಯೊಬ್ಬರ ಮನೆಯ ಬಾಗಿಲಿಗೆ ಕರೆದೊಯ್ಯುತ್ತದೆ. ಆ ಮನೆಯೊಡೆಯನ ಹೆಸರು ಅಕ್ವಿಲ. ಮನೆಯೊಡತಿಯ ಹೆಸರು ಪ್ರಿಸಿಲ್ಲ. ಹನ್ನೆರಡು ಮಂದಿ ಪ್ರೇಷಿತರಲ್ಲಿ ಇವರಿಲ್ಲ. ಸಂಸಾರವಂದಿಗರಾಗಿ, ಕೈಕಸಬಿನಿಂದ ಬಾಳಿ, ಮೂರು ಮಹಾನಗರಗಳಲ್ಲಿ ಕ್ರಿಸ್ತಸೇವೆ ಸಲ್ಲಿಸಿದ ಶ್ರೀಸಾಮಾನ್ಯ ವಿಶ್ವಾಸಿಗಳು ಇವರು.

ಹೊಸ ಒಡಂಬಡಿಕೆಯಲ್ಲಿ ಇವರ ಹೆಸರು ಆರು ಬಾರಿ ಬರುತ್ತದೆ. ಒಮ್ಮೆಯಾದರೂ ಒಬ್ಬರನ್ನು ಬಿಟ್ಟು ಮತ್ತೊಬ್ಬರ ಪ್ರಸ್ತಾಪವಿಲ್ಲ. ಆರರಲ್ಲಿ ನಾಲ್ಕು ಕಡೆ ಹೆಂಡತಿಯ ಹೆಸರೇ ಮೊದಲು. ಸಂತ ಲೂಕರು ಆಕೆಯನ್ನು ಪ್ರಿಸಿಲ್ಲ ಎಂದು ಸಲುಗೆಯಿಂದ ಕರೆದರೆ, ಸಂತ ಪೌಲರು ತಮ್ಮ ಪತ್ರಗಳಲ್ಲಿ ಪ್ರಿಸ್ಕ ಎಂದು ಗೌರವದಿಂದ ಬರೆಯುತ್ತಾರೆ.

ಗಡೀಪಾರಾದ ದಂಪತಿ

ಅಕ್ವಿಲ ಹುಟ್ಟಿದ್ದು ಕಪ್ಪು ಸಮುದ್ರದ ದಕ್ಷಿಣ ತೀರದ ಪೊಂತ ಪ್ರಾಂತ್ಯದಲ್ಲಿ. ಆ ನಾಡು ಇಂದು ತುರ್ಕಿಗೆ ಸೇರಿದೆ. ಹುಟ್ಟಿನಿಂದ ಯೆಹೂದ್ಯನಾದ ಆತನು ಪತ್ನಿಯೊಡನೆ ರೋಮಾಪುರಿಯಲ್ಲಿ ನೆಲೆಸಿದ್ದನು. ಕ್ರಿ.ಶ. 49ರ ಸುಮಾರಿಗೆ ಕ್ಲೌದಿಯ ಚಕ್ರವರ್ತಿಯು ಯೆಹೂದ್ಯರೆಲ್ಲರೂ ರೋಮನ್ನು ಬಿಟ್ಟು ತೊಲಗಬೇಕೆಂದು ಆಜ್ಞೆ ಹೊರಡಿಸಿದನು. ಕ್ರೆಸ್ತ ಎಂಬವನ ಕಾರಣದಿಂದ ಅವರೊಳಗೆ ಎದ್ದ ಗಲಭೆಗಳೇ ಇದಕ್ಕೆ ಕಾರಣವೆಂದು ರೋಮನ್ ಚರಿತ್ರಕಾರ ಸ್ವೆತೋನಿಯಸ್ ಬರೆದಿದ್ದಾನೆ. ಯೇಸುಕ್ರಿಸ್ತರ ಹೆಸರನ್ನೇ ಆತ ತಪ್ಪಾಗಿ ಕೇಳಿ ಹಾಗೆ ಬರೆದಿರಬೇಕೆಂದು ಅನೇಕ ವಿದ್ವಾಂಸರ ಮತ.

ಈ ದಂಪತಿ ಆಗಲೇ ಕ್ರಿಸ್ತವಿಶ್ವಾಸಿಗಳಾಗಿದ್ದಿರಬೇಕು. ಕೊರಿಂಥದಲ್ಲಿ ತಾವು ಯಾರಿಗೆ ದೀಕ್ಷಾಸ್ನಾನ ಕೊಟ್ಟೆವೆಂದು ಸಂತ ಪೌಲರು ಹೆಸರಿಸುವಾಗ ಕ್ರಿಸ್ಪ, ಗಾಯ ಮತ್ತು ಸ್ತೆಫನನ ಮನೆಯವರನ್ನು ನೆನೆಯುತ್ತಾರೆಯೇ ಹೊರತು ಇವರನ್ನಲ್ಲ. ಇವರು ಶುಭಸಂದೇಶವನ್ನು ತಮ್ಮ ಗಂಟುಮೂಟೆಯೊಡನೆ ರೋಮಿನಿಂದಲೇ ಹೊತ್ತು ತಂದವರು. ಮನೆ, ಗಿರಾಕಿಗಳು, ನೆರೆಹೊರೆ ಎಲ್ಲವನ್ನೂ ಕಳೆದುಕೊಂಡರು; ವಿಶ್ವಾಸವನ್ನು ಮಾತ್ರ ಕಳೆದುಕೊಳ್ಳಲಿಲ್ಲ.

ಕೊರಿಂಥ ನಗರದಲ್ಲಿ

ಇವರು ಬಂದಿಳಿದ ಕೊರಿಂಥವು ವಿಚಿತ್ರ ನಗರ. ಕ್ರಿ.ಪೂ. 146ರಲ್ಲಿ ರೋಮನ್ನರು ಹಳೆಯ ಗ್ರೀಕ್ ಪಟ್ಟಣವನ್ನು ನೆಲಸಮ ಮಾಡಿದ್ದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಜರನು ಅದನ್ನು ರೋಮನ್ ವಸಾಹತಾಗಿ ಮತ್ತೆ ನೆಲೆಗೊಳಿಸಿದನು. ಬಿಡುಗಡೆ ಹೊಂದಿದ ಗುಲಾಮರು, ಗ್ರೀಕರು, ಯೆಹೂದ್ಯರು, ಸಿರಿಯದವರು, ನಾವಿಕರು, ವರ್ತಕರು ಎಲ್ಲರೂ ಅಲ್ಲಿ ಕಲೆತರು. ಕಿರಿದಾದ ಭೂಸಂಧಿಯ ಒಂದು ಬದಿಗೆ ಲೆಕೈಯ, ಇನ್ನೊಂದು ಬದಿಗೆ ಕೆಂಕ್ರೆಯ. ಹೀಗೆ ಎರಡು ಕಡಲುಗಳಿಗೆ ತೆರೆದ ಎರಡು ಬಂದರುಗಳು. ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಭೂಸಂಧಿಯ ಕ್ರೀಡೋತ್ಸವಕ್ಕೆ ದೂರದೂರುಗಳಿಂದ ಜನ ಸೇರುತ್ತಿದ್ದರು. ಗುಡಾರ ಹೊಲಿಯುವವರಿಗೆ ಇಂತಹ ಊರಿನಲ್ಲಿ ಕೆಲಸಕ್ಕೆ ಬರವಿರಲಿಲ್ಲ.

ಕ್ರಿ.ಶ. 50ರ ಸುಮಾರಿಗೆ ಸಂತ ಪೌಲರು ಅಥೆನ್ಸಿನಿಂದ ಒಂಟಿಯಾಗಿ ಇಲ್ಲಿಗೆ ಬಂದರು. ತಾವು ಕುಂದಿದ ಮನಸ್ಸಿನಿಂದ, ಭಯದಿಂದ, ನಡುಕದಿಂದ ಆ ಊರನ್ನು ಹೊಕ್ಕೆವೆಂದು ಅವರೇ ಮುಂದೆ ನೆನೆದಿದ್ದಾರೆ. ಅವರ ಕಸಬೂ ಗುಡಾರ ಹೊಲಿಯುವುದೇ ಆಗಿತ್ತು. ಅಕ್ವಿಲ ದಂಪತಿ ಅವರನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಂಡು ಕೆಲಸದಲ್ಲಿ ಪಾಲು ಕೊಟ್ಟರು. ವಾರದ ದಿನಗಳಲ್ಲಿ ಸೂಜಿ ದಾರ. ಸಬ್ಬತ್ ದಿನದಲ್ಲಿ ಪ್ರಾರ್ಥನಾಮಂದಿರದಲ್ಲಿ ಬೋಧನೆ. ಮಹಾಪ್ರೇಷಿತರ ಬೆನ್ನಿಗೆ ಈ ಮನೆಯ ಅನ್ನವಿತ್ತೆಂಬುದನ್ನು ನಾವು ಮರೆಯಲಾಗದು.

ಒಂದೂವರೆ ವರ್ಷ ಸಂತ ಪೌಲರು ಅಲ್ಲಿ ದುಡಿದರು. ಪ್ರಾರ್ಥನಾಮಂದಿರದ ಅಧ್ಯಕ್ಷ ಕ್ರಿಸ್ಪನು ಮನೆಮಂದಿಯೊಡನೆ ವಿಶ್ವಾಸವಿಟ್ಟನು. ವಿರೋಧಿಗಳು ಪೌಲರನ್ನು ಅಖಾಯದ ರಾಜ್ಯಪಾಲ ಗಲ್ಲಿಯೋವಿನ ನ್ಯಾಯಪೀಠದ ಮುಂದೆ ನಿಲ್ಲಿಸಿದಾಗ ಆತನು ಆ ವ್ಯಾಜ್ಯವನ್ನು ತಳ್ಳಿಹಾಕಿದನು. ಈ ಗಲ್ಲಿಯೋವಿನ ಹೆಸರು ದೆಲ್ಫಿಯ ಶಿಲಾಶಾಸನವೊಂದರಲ್ಲಿ ದೊರೆತಿರುವುದರಿಂದ, ಈ ಘಟನೆಗಳ ಕಾಲವನ್ನು ಕ್ರಿ.ಶ. 51-52ರ ಆಸುಪಾಸಿಗೆ ಹೊಂದಿಸಲು ಸಾಧ್ಯವಾಗಿದೆ.

ಎಫೆಸದಲ್ಲಿ

ಪೌಲರು ಕೊರಿಂಥವನ್ನು ಬಿಟ್ಟು ಕೆಂಕ್ರೆಯ ಬಂದರಿನಿಂದ ಹಡಗು ಹತ್ತಿದಾಗ ಈ ದಂಪತಿಯೂ ಜೊತೆಗೆ ಹೊರಟರು. ಈ ಬಾರಿ ಯಾವ ಚಕ್ರವರ್ತಿಯೂ ಅವರನ್ನು ಅಟ್ಟಲಿಲ್ಲ. ಕುದುರಿದ್ದ ಕಸಬನ್ನು ಬಿಟ್ಟು ಹೊರಟಿದ್ದು ಸ್ವಂತ ಇಚ್ಛೆಯಿಂದ. ಎಫೆಸವು ಏಷ್ಯ ಪ್ರಾಂತ್ಯದ ಮಹಾನಗರ. ಅಲ್ಲಿದ್ದ ಅರ್ತೆಮಿ ದೇವತೆಯ ಮಂದಿರವು ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲೊಂದು. ಪೌಲರು ಇವರನ್ನು ಅಲ್ಲಿಯೇ ಬಿಟ್ಟು ಸಿರಿಯಕ್ಕೆ ಪ್ರಯಾಣ ಮುಂದುವರಿಸಿದರು. ಅವರು ಮರಳಿ ಬರುವವರೆಗೆ ಆ ನಗರದಲ್ಲಿ ಶುಭಸಂದೇಶದ ದೀಪವನ್ನು ಆರದಂತೆ ಕಾದವರು ಈ ಗಂಡ ಹೆಂಡಿರು.

ಆ ದಿನಗಳಲ್ಲಿಯೇ ಅಲೆಕ್ಸಾಂದ್ರಿಯದ ಅಪೊಲ್ಲೋಸ ಎಂಬ ವಾಗ್ಮಿ ಎಫೆಸಕ್ಕೆ ಬಂದನು. ಪವಿತ್ರಗ್ರಂಥದಲ್ಲಿ ಪಾರಂಗತ, ಉತ್ಸಾಹಿ. ಆದರೆ ಸ್ನಾನಿಕ ಯೊವಾನ್ನರ ದೀಕ್ಷೆಯಷ್ಟನ್ನೇ ಬಲ್ಲವನು. ಆತನ ಮಾತನ್ನು ಪ್ರಾರ್ಥನಾಮಂದಿರದಲ್ಲಿ ಕೇಳಿದ ಪ್ರಿಸಿಲ್ಲ ಮತ್ತು ಅಕ್ವಿಲ ಕೊರತೆಯನ್ನು ಕೂಡಲೇ ಕಂಡರು. ಸಭೆಯ ನಡುವೆ ಎದ್ದು ನಿಂತು ಖಂಡಿಸಲಿಲ್ಲ. ಹೊರಗೆ ಹೋಗಿ ಹಗುರವಾಗಿ ಆಡಿಕೊಳ್ಳಲಿಲ್ಲ. ಆತನನ್ನು ತಮ್ಮ ಬಳಿಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ತಿಳಿಸಿಕೊಟ್ಟರು. ಮಹಾಪಂಡಿತನು ಗುಡಾರ ಹೊಲಿಯುವವರಿಂದ ಪಾಠ ಕಲಿತನು. ಕಲಿಸಿದವರ ಸೌಜನ್ಯ ದೊಡ್ಡದೋ ಕಲಿತವನ ವಿನಯ ದೊಡ್ಡದೋ ಹೇಳುವುದು ಕಷ್ಟ.

ಅಪೊಲ್ಲೋಸನು ಮುಂದೆ ಕೊರಿಂಥಕ್ಕೆ ಹೋಗಿ ಅಲ್ಲಿನ ಸಭೆಗೆ ಬಹಳ ನೆರವಾದನು. ಆದರೆ ಮಾನವಸ್ವಭಾವ ನೋಡಿ! ಅಲ್ಲಿನ ವಿಶ್ವಾಸಿಗಳು ಪೌಲರ ಪಂಗಡ, ಅಪೊಲ್ಲೋಸನ ಪಂಗಡ, ಕೇಫನ ಪಂಗಡ ಎಂದು ಒಡೆದು ಜಗಳಕ್ಕೆ ನಿಂತರು. ಆ ಒಡಕನ್ನು ಸರಿಪಡಿಸಲು ಪೌಲರು ಎಫೆಸದಿಂದ ಬರೆದ ಪತ್ರವೇ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ. ಅದರ ಕೊನೆಯಲ್ಲಿ ಅಕ್ವಿಲ ಮತ್ತು ಪ್ರಿಸ್ಕರ ವಂದನೆಯೂ, ಅವರ ಮನೆಯಲ್ಲಿ ಕೂಡುವ ಧರ್ಮಸಭೆಯ ವಂದನೆಯೂ ಸೇರಿವೆ. ಪೌಲರಿಗೆ ಅನ್ನವಿಟ್ಟವರೂ ಇವರೇ, ಅಪೊಲ್ಲೋಸನಿಗೆ ಅರಿವು ಕೊಟ್ಟವರೂ ಇವರೇ. ಇಬ್ಬರ ಹೆಸರು ಹಿಡಿದು ಊರು ಒಡೆದಾಗ, ಇಬ್ಬರೂ ಮೆಟ್ಟಿಲು ಹತ್ತಿದ ಮನೆಯೊಂದಿದೆಯೆಂದು ಆ ವಂದನೆಯು ಮೌನವಾಗಿ ನೆನಪಿಸಿತು.

ಎಫೆಸದಲ್ಲಿ ಅಪಾಯವೂ ಕಡಿಮೆಯಿರಲಿಲ್ಲ. ಅರ್ತೆಮಿಯ ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುತ್ತಿದ್ದ ಅಕ್ಕಸಾಲಿಗರು ತಮ್ಮ ವ್ಯಾಪಾರ ಕೆಟ್ಟಿತೆಂದು ದಂಗೆಯೆದ್ದು ನಗರದ ರಂಗಮಂದಿರಕ್ಕೆ ನುಗ್ಗಿದರು. ಈ ದಂಪತಿ ತಮ್ಮ ಪ್ರಾಣವನ್ನೇ ಒಡ್ಡಿ ಪೌಲರನ್ನು ಉಳಿಸಿದ್ದು ಎಫೆಸದ ಈ ದಿನಗಳಲ್ಲಿಯೇ ಎಂದು ಹಲವು ವ್ಯಾಖ್ಯಾನಕಾರರು ತಿಳಿಯುತ್ತಾರೆ.

ಮರಳಿ ರೋಮಾಪುರಿಗೆ

ಕ್ರಿ.ಶ. 54ರಲ್ಲಿ ಕ್ಲೌದಿಯನು ಸತ್ತನು. ಗಡೀಪಾರಾಗಿದ್ದ ಯೆಹೂದ್ಯರು ಮರಳತೊಡಗಿದರು. ಕೆಲವು ವರ್ಷಗಳ ಬಳಿಕ ಪೌಲರು ರೋಮಿನ ವಿಶ್ವಾಸಿಗಳಿಗೆ ಪತ್ರ ಬರೆದಾಗ ಈ ದಂಪತಿ ಮತ್ತೆ ಅಲ್ಲಿದ್ದರು, ಮತ್ತೆ ಅವರ ಮನೆಯಲ್ಲಿ ಧರ್ಮಸಭೆ ಕೂಡುತ್ತಿತ್ತು. ಅದು ಸುಲಭದ ಕಾಲವಾಗಿರಲಿಲ್ಲ. ಯೆಹೂದ್ಯ ಮೂಲದ ವಿಶ್ವಾಸಿಗಳಿಗೂ ಅನ್ಯಜನಾಂಗದ ವಿಶ್ವಾಸಿಗಳಿಗೂ ಊಟದ ವಿಷಯದಲ್ಲಿ, ಹಬ್ಬದ ದಿನಗಳ ವಿಷಯದಲ್ಲಿ ಮನಸ್ತಾಪಗಳಿದ್ದವು. ಒಬ್ಬರನ್ನೊಬ್ಬರು ಸ್ವೀಕರಿಸಬೇಕೆಂದು ಪೌಲರು ಆ ಪತ್ರದಲ್ಲಿ ದೀರ್ಘವಾಗಿ ಬೋಧಿಸುತ್ತಾರೆ. ಬಳಿಕ ವಂದನೆಗಳ ಪಟ್ಟಿಯಲ್ಲಿ ಫೆಬೆಯ ಪರಿಚಯವಾದೊಡನೆ ಮೊಟ್ಟಮೊದಲು ಬರುವ ಹೆಸರುಗಳು ಪ್ರಿಸ್ಕ ಮತ್ತು ಅಕ್ವಿಲ. ತಾವಷ್ಟೇ ಅಲ್ಲ, ಅನ್ಯಜನಾಂಗಗಳ ಸಭೆಗಳೆಲ್ಲವೂ ಇವರಿಗೆ ಕೃತಜ್ಞವೆಂದು ಪ್ರೇಷಿತರು ತಿಳಿಸುತ್ತಾರೆ. ಯೆಹೂದ್ಯ ಮನೆಯೊಂದಕ್ಕೆ ಅನ್ಯಜನಾಂಗಗಳೆಲ್ಲವೂ ಋಣಿ! ವಿವಿಧ ಜನರ ನಗರದಲ್ಲಿ ಇದಕ್ಕಿಂತ ಮಿಗಿಲಾದ ಬಿರುದು ಇನ್ನೇನಿದೆ?

ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಇವರ ಹೆಸರು ಕಡೆಯ ಬಾರಿ ಕಾಣುತ್ತದೆ. ಸಂಪ್ರದಾಯದಂತೆ ಅದು ಸೆರೆಯಲ್ಲಿದ್ದ ಪೌಲರ ಅಂತಿಮ ಪತ್ರ. ಕೊರಿಂಥದ ಆ ಮೊದಲ ಭೇಟಿಯಿಂದ ಲೆಕ್ಕ ಹಾಕಿದರೆ ಸುಮಾರು 15 ವರ್ಷಗಳು ಸಂದಿದ್ದವು. ದಂಪತಿಯ ವಯಸ್ಸು ಮಾಗಿತ್ತು. ಸೇವೆ ಮಾತ್ರ ನಿವೃತ್ತಿಯನ್ನು ಕಾಣಲಿಲ್ಲ.

ಧರ್ಮಸಭೆಯ ಸ್ಮರಣೆ

ಸಂತ ಯೊವಾನ್ ಕ್ರಿಸೊಸ್ತೊಮರು ಈ ದಂಪತಿಯ ಕುರಿತಾಗಿಯೇ ಎರಡು ಪ್ರಬೋಧನೆಗಳನ್ನು ಮಾಡಿದ್ದಾರೆ. ರೋಮಿನ ಅವೆಂತೀನ್ ಬೆಟ್ಟದ ಸಂತ ಪ್ರಿಸ್ಕ ದೇವಾಲಯವನ್ನು ಸಂಪ್ರದಾಯವು ಇವರ ಮನೆಯೊಡನೆ ಜೋಡಿಸುತ್ತದೆ. ರೋಮನ್ ಸಂತರ ಪಟ್ಟಿಯಲ್ಲಿ ಇವರ ಸ್ಮರಣೆ ಜುಲೈ 8ರಂದು. 2007ರ ಫೆಬ್ರವರಿ 7ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ತಮ್ಮ ಬುಧವಾರದ ಬೋಧನೆಯನ್ನು ಇವರಿಗೇ ಮೀಸಲಿಟ್ಟರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕುಟುಂಬವನ್ನು ಗೃಹ ಧರ್ಮಸಭೆಯೆಂದು ಕರೆದುದಕ್ಕೆ ಇವರ ಮನೆಗಿಂತ ಹಳೆಯ ನಿದರ್ಶನ ಹುಡುಕುವುದು ಕಷ್ಟ.

ನಮಗೆ ಪಾಠ

ಪ್ರಿಯ ಭಕ್ತಾದಿಗಳೇ, ನಮ್ಮ ನಾಡಿನ ನಗರಗಳ ಧರ್ಮಕೇಂದ್ರಗಳೂ ಚಿಕ್ಕ ಕೊರಿಂಥಗಳೇ ಅಲ್ಲವೇ? ಕನ್ನಡ, ಕೊಂಕಣಿ, ತಮಿಳು, ತೆಲುಗು, ಮಲಯಾಳ ಮಾತಾಡುವವರು ಒಂದೇ ಪೀಠದ ಮುಂದೆ ಮೊಣಕಾಲೂರುತ್ತಾರೆ. ಹೊರಗೆ ಬಂದೊಡನೆ ಬೇರೆ ಬೇರೆ ಗುಂಪುಗಳಾಗಿ ನಿಲ್ಲುತ್ತಾರೆ. ಆ ಗುರುಗಳ ಕಡೆಯವರು, ಈ ಗುರುಗಳ ಕಡೆಯವರು ಎಂಬ ಮಾತೂ ಕೇಳಿಬರುತ್ತದೆ. ಇದನ್ನು ಗುರುಗಳ ಪ್ರಬೋಧನೆಯೊಂದೇ ಗುಣಪಡಿಸಲಾರದು. ಗುರುಗಳು ವರ್ಗವಾಗಿ ಹೋಗುತ್ತಾರೆ. ಊರಿನಲ್ಲಿ ಉಳಿಯುವವು ಮನೆಗಳು. ಎರಡೂ ಕಡೆಯವರು ಸಂಕೋಚವಿಲ್ಲದೆ ಹೊಸ್ತಿಲು ದಾಟಬಲ್ಲ ಒಂದು ಮನೆಯಿದ್ದರೆ ಧರ್ಮಕೇಂದ್ರವು ಉಳಿಯುತ್ತದೆ.

ಮಕ್ಕಳನ್ನು ನೆಲೆಗೊಳಿಸಿ, ನೌಕರಿಯಿಂದ ಬಿಡುವು ಪಡೆದಿರುವ ಹಿರಿಯ ದಂಪತಿಗಳಲ್ಲಿ ನನ್ನದೊಂದು ವಿಶೇಷ ಬಿನ್ನಹ. ನಿಮ್ಮ ಕಾಲ ಮುಗಿಯಿತೆಂದು ಭಾವಿಸದಿರಿ. ಊರಿಗೆ ಹೊಸದಾಗಿ ಬಂದ ಕೂಲಿಯ ಕುಟುಂಬಕ್ಕೆ ಒಂದು ಹೊತ್ತಿನ ಊಟ, ಮದುವೆಗೆ ಸಿದ್ಧರಾಗುವ ತರುಣ ತರುಣಿಯರಿಗೆ ನಾಲ್ಕು ಹಿತವಚನ, ಉಪದೇಶಿಗಳಿಗೆ ಬೆಂಬಲ, ತಪ್ಪಿದವರಿಗೆ ಏಕಾಂತದಲ್ಲಿ ತಿದ್ದುವ ಮಾತು. ಅಕ್ವಿಲ ಪ್ರಿಸಿಲ್ಲರು ಮಾಡಿದ್ದು ಇಂಥವನ್ನೇ. ಮೂರು ನಗರಗಳಲ್ಲಿ ಮನೆ ಹೂಡಿ, ಮೂರರಲ್ಲಿಯೂ ಬಾಡಿಗೆಯ ಬಾಳು ಬಾಳಿದಂತೆ ಬದುಕಿದ ಅವರು, ಪ್ರತಿಯೊಂದು ಊರಿನಲ್ಲಿಯೂ ಕ್ರಿಸ್ತಪ್ರಭುವಿಗೆ ಮನೆಯಾದರು.

ನೂರು ವರ್ಷಗಳ ಈ ದೇವಾಲಯದ ಗೋಡೆಗಳನ್ನು ನಾವು ದುರಸ್ತಿ ಮಾಡಿಸಬಹುದು, ಸುಣ್ಣ ಬಣ್ಣ ಬಳಿಸಬಹುದು. ಮುಂದಿನ ನೂರು ವರ್ಷಗಳಿಗೆ ಇದರ ಆಧಾರಸ್ತಂಭಗಳು ನಿಮ್ಮ ಮನೆಗಳಲ್ಲಿ ನಿಲ್ಲಬೇಕು. ಸಂತ ಅಕ್ವಿಲ ಮತ್ತು ಸಂತ ಪ್ರಿಸಿಲ್ಲರು ನಮ್ಮ ಕುಟುಂಬಗಳಿಗಾಗಿ ದೇವರಲ್ಲಿ ಬಿನ್ನವಿಸಲಿ. ದಯಾಮಯ ಪ್ರಭುವು ನಿಮ್ಮೆಲ್ಲರ ಮನೆಗಳನ್ನು ಹರಸಲಿ.